ನಮ್ಮ ಮನೆಯ ವೇಸ್ಟು

ನನ್ನ ಗಂಡ ಸತ್ತ ಮೇಲೆ ಹೂದಾನಿಗಳ ಬಣ್ಣ ಹೋಯಿತು. ಯಾರಿಗೆ ಹೇಳಿದರೂ, ದುಃಖದಲ್ಲಿ ಹಾಗೆ ಕಾಣುತ್ತದೆ ಅಂದರು. ನನಗೆ ದುಃಖವೇ ಆಗಿರಲಿಲ್ಲ. ಅದಕ್ಕೇ ಆ ಮಾತನ್ನು ನಾನು ಒಪ್ಪಲಿಲ್ಲ.

ಹೂದಾನಿ ಅಂದರೆ ಹಳೇ ಕಾಲದ ಗಾಜಿನವು. ನಿಂತ ನೀರಿನ ಮೇಲೆ ಎಣ್ಣೆ ಬಿದ್ದರೆ ಹಸಿರು, ನೇರಳೆ, ಚಿನ್ನದ ಬಣ್ಣ ಎಲ್ಲ ಒಟ್ಟಿಗೆ ಆಡುತ್ತದಲ್ಲ, ಮೈಮೇಲೆ ಅಂಥ ಬಣ್ಣ ಇರುವ ಗಾಜು. ಪೀಣ್ಯದಲ್ಲಿ ಮಳೆ ಬಂದ ಮಾರನೆಯ ದಿನ ಯಾವ ರಸ್ತೆಗೆ ಹೋದರೂ ಆ ಬಣ್ಣ ಸಿಗುತ್ತದೆ, ಲೇತ್ ಮಿಷಿನ್ನಿನ ಎಣ್ಣೆಯದು. ಹೂದಾನಿಯದೂ ಅದೇ ಬಣ್ಣ, ಕಾಲಿಗೆ ಅಂಟುವುದಿಲ್ಲ ಅಷ್ಟೆ.

ರಾಜಗೋಪಾಲನಗರದಲ್ಲಿ ನಮ್ಮದು ಗುಜರಿ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಕಬ್ಬಿಣ, ತಗಡು, ರಟ್ಟು ಎಲ್ಲ ನನ್ನ ಗಂಡನ ಜವಾಬ್ದಾರಿ. ಬಾಟಲಿ ನನ್ನದು. ಬಿಳಿ ಬೇರೆ, ಹಸಿರು ಬೇರೆ, ಕಂದು ಬೇರೆ ಮಾಡಿ ಮೂಟೆ ಕಟ್ಟಬೇಕು. ಬೆರೆತರೆ ಗಾಜಿನ ಫ್ಯಾಕ್ಟರಿಯವರು ತೆಗೆದುಕೊಳ್ಳುವುದಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಇದಕ್ಕಿಂತ ಒಳ್ಳೆ ಕೆಲಸ ಏನು ಸಿಗುತ್ತದೆ? ನಾನು ಬೇಜಾರು ಪಟ್ಟುಕೊಂಡವಳಲ್ಲ.

ಮೊದಲನೇ ಹೂದಾನಿ ಬಂದದ್ದು ಕಿವಿ ತಪ್ಪಾಗಿ ಕೇಳಿಸಿಕೊಂಡದ್ದರಿಂದ. ವೈಟ್‌ಫೀಲ್ಡಿನಲ್ಲಿ ಒಂದು ಹಳೇ ಬಂಗಲೆ ಕೆಡವುತ್ತಾರೆ, ಕಬ್ಬಿಣದ ಕಿಟಕಿ ಸಿಗುತ್ತವೆ ಎಂದು ನನ್ನ ಗಂಡ ಗೂಡ್ಸ್ ಆಟೋ ತೆಗೆದುಕೊಂಡು ಹೋಗಿದ್ದರು. ಆ ಮನೆಯಲ್ಲಿ ಗೌನು ಹಾಕಿದ, ಇಂಗ್ಲಿಷ್ ಮಾತಾಡುವ ಒಬ್ಬ ಮುದುಕಿ. ಇವರು ಕಿಟಕಿ ಹೊತ್ತುಕೊಂಡು ಓಡಾಡುವಾಗಲೆಲ್ಲ ಆಕೆ ಮೂಲೆಯ ಮೇಜಿನ ಕಡೆ ಕೈ ತೋರಿಸಿ "ವೇಸ್, ವೇಸ್" ಎಂದು ಕೂಗಿದಳಂತೆ. ನಮ್ಮ ಕಸುಬಿನಲ್ಲಿ ಮೇಡಂಗಳು ಕೈ ತೋರಿಸಿ ಹೇಳುವ ಮಾತು ಒಂದೇ, ವೇಸ್ಟು. ಇವರು "ಆಯ್ತು ಮೇಡಂ" ಎಂದು ಮೇಜಿನ ಮೇಲಿದ್ದದ್ದನ್ನು ಗೋಣಿಚೀಲಕ್ಕೆ ಹಾಕಿಕೊಂಡು ಬಂದುಬಿಟ್ಟರು.

ಒಗೆಯುವ ಕಲ್ಲಿನ ಮೇಲೆ ಇಟ್ಟಾಗ ಅದಕ್ಕೆ ಬಿಸಿಲು ಬಿತ್ತು. ಮೊಣಕೈ ಉದ್ದದ ಹೂದಾನಿ, ಬಾಯಿ ಸೀರೆಯ ನಿರಿಗೆಯ ಹಾಗೆ. ನಾನು ಈ ಕಡೆ ಹೋದರೆ ನೇರಳೆ, ಆ ಕಡೆ ಹೋದರೆ ಹಸಿರು. ನನ್ನ ಹೊಟ್ಟೆಯೊಳಗೆ ಏನೋ ಮೇಲಕ್ಕೆ ಎದ್ದ ಹಾಗಾಯಿತು. ಬಸ್ಸು ಇಳಿಜಾರಿನಲ್ಲಿ ಜೋರಾಗಿ ಇಳಿದರೆ ಆಗುತ್ತದಲ್ಲ, ಹಾಗೆ.

"ಇದು ವೇಸ್ಟಾ?" ಎಂದೆ.

"ಆಯಮ್ಮ ಅಂಗೇ ಅಂದ್ಲು ಕಣೇ. ಒಂದ್ಸಲ ಅಲ್ಲ, ಬಡ್ಕೊಂಡ್ಲು."

"ಬಿಸಾಕೋ ವಸ್ತುಗೆ ಯಾರಾದ್ರೂ ಬಡ್ಕೋತಾರಾ? ನಿಮ್ ತಲೆ. ನಾಳೆ ಓಗಿ ಕೊಟ್ಟು ಬರೋಣ ನಡೀರಿ."

ಮಾರನೆಯ ದಿನ ನಾನೂ ಜೊತೆಗೆ ಹೋದೆ. ಮುದುಕಿ ನಮ್ಮನ್ನು ನೋಡಿ, ಚೀಲ ನೋಡಿ, ನಕ್ಕು ನಕ್ಕು ಕುರ್ಚಿಯ ಮೇಲೆ ಕೂತಳು.

"ನಾನು ವೇಸ್ ಹೇಳ್ತು, ಫ್ಲವರ್ ವೇಸ್. ಬೀಳ್ಸಬೇಡ ಅಂತ ಹೇಳ್ತು. ನೀನು ವೇಸ್ಟ್ ಅಂತ ತಗೊಂಡ್ ಹೋಯ್ತು!"

ನನ್ನ ಗಂಡ ಚೀಲ ಮುಂದಿಟ್ಟರು. ಆಕೆ ಬೇಡ ಅಂದಳು. "ಇಟ್ಕೊ, ಇಟ್ಕೊ. ನಾನು ಫ್ಲ್ಯಾಟ್‌ಗೆ ಹೋಗ್ತು. ಅಲ್ಲಿ ಜಾಗ ಎಲ್ಲಿ?" ಎಂದು ನನ್ನ ಕೈಗೆ ಕೊಟ್ಟಳು. ಕೊಡುವಾಗ ಒಂದು ಮಾತು ಹೇಳಿದಳು. ಬರೀ ನೀರು, ಮೆತ್ತಗಿನ ಬಟ್ಟೆ. ಹುಳಿ ಹಾಕಬಾರದು, ಪುಡಿ ಹಾಕಿ ಉಜ್ಜಬಾರದು. ಬಣ್ಣ ಇರುವುದು ಮೇಲಿನ ಪದರದಲ್ಲಿ ಮಾತ್ರ, ಅದು ಹೋದರೆ ತಿರುಗಿ ಬರುವುದಿಲ್ಲ.

ಆಮೇಲೆ ನಮಗೆ ಚಟ ಹತ್ತಿತು. ವೈಟ್‌ಫೀಲ್ಡಿನಲ್ಲಿ ಹಳೇ ಮನೆ ಬಿದ್ದಾಗಲೆಲ್ಲ ನನ್ನ ಗಂಡ ಕಬ್ಬಿಣ ನೋಡುವ ಮೊದಲು ಕಪಾಟು ನೋಡುತ್ತಿದ್ದರು. ಆನೇಕಲ್ಲಿನ ಒಂದು ಕ್ಷೌರದಂಗಡಿಯಲ್ಲಿ ಬಾಚಣಿಗೆ ಸಿಕ್ಕಿಸಿಟ್ಟ ಒಂದು ಸಿಕ್ಕಿತು, ಮೀನಿನ ಆಕಾರದ್ದು. ಅತ್ತಿಬೆಲೆಯ ಲಾಡ್ಜಿನಲ್ಲಿ ದೇವರ ಫೋಟೋ ಮುಂದೆ ಇನ್ನೊಂದಕ್ಕೆ ಊದಿನಕಡ್ಡಿ ಚುಚ್ಚಿದ್ದರು, ಅದಕ್ಕೆ ಹೊಸ ಊದಿನಕಡ್ಡಿ ಸ್ಟ್ಯಾಂಡು ಕೊಟ್ಟು ಬದಲಾಯಿಸಿಕೊಂಡು ಬಂದೆವು. ಯಾವ ದೇಶದಲ್ಲಿ ಮಾಡಿದ್ದು, ಯಾವ ಕಾಲದ್ದು, ನನಗೆ ಗೊತ್ತಿಲ್ಲ. ಹೊಸದು ಯಾವುದು ಹಳೆಯದು ಯಾವುದು ಅಂತ ಮಾತ್ರ ಗೊತ್ತಾಗುತ್ತಿತ್ತು. ಹೊಸದರಲ್ಲಿ ಬಣ್ಣ ಬಳಿದಲ್ಲೇ ನಿಂತಿರುತ್ತದೆ. ಹಳೆಯದರಲ್ಲಿ ನಾವು ಕದಲಿದರೆ ಅದೂ ಕದಲುತ್ತದೆ.

ಮನೆಗೆ ತಂದಾಗ ಅವರು ಹೆಸರು ಹಿಡಿದು ಹೂದಾನಿ ಅನ್ನುತ್ತಿರಲಿಲ್ಲ. ಕೆಳಗಿನಿಂದಲೇ "ಏಯ್, ವೇಸ್ಟು ಬಂದದೆ ಇಳ್ದು ಬಾ" ಎಂದು ಕೂಗುತ್ತಿದ್ದರು. ನಾನು ಇಳಿದು ಹೋಗುವ ತನಕ ಚೀಲ ಬಿಚ್ಚುತ್ತಿರಲಿಲ್ಲ. ಬಿಸಿಲಿಗೆ ಹಿಡಿದು ನನ್ನ ಮುಖ ನೋಡುತ್ತಿದ್ದರು. ನಾನು ಹೂಂ ಅಂದರೆ ಶೋಕೇಸಿಗೆ, ಉಹೂಂ ಅಂದರೆ ಬಾಟಲಿ ಮೂಟೆಗೆ. ಶೋಕೇಸು ಯಾವುದೋ ಆಫೀಸು ಒಡೆದಾಗ ಬಂದ ಅಲ್ಯುಮಿನಿಯಂ ಪಾರ್ಟಿಷನ್ನಿನಿಂದ ಅವರೇ ಮಾಡಿದ್ದು. ನಾದಿನಿ ಬಂದವಳು ನೋಡಿ, "ಗುಜರಿಯೋರ ಮನೇಲಿ ಗುಜರಿಗೂ ಒಂದು ಶೋಕೇಸು" ಅಂದಳು. "ನಿನ್ನ ಕೂರಿಸೋಕೆ ಜಾಗ ಸಾಲ್ಲಿಲ್ಲ, ಅದಕ್ಕೆ ಇವನ್ನ ಇಟ್ಟಿವಿ" ಅಂದೆ. ನನ್ನ ಬಾಯಿ ಅಂಥದ್ದು. ನಮ್ಮ ಬೀದಿಯಲ್ಲಿ ತರಕಾರಿ ಗಾಡಿಯವನೂ ನನಗೆ ತೂಕದಲ್ಲಿ ಮೋಸ ಮಾಡುತ್ತಿರಲಿಲ್ಲ.

ನನ್ನ ಗಂಡ ಬೇಸಿಗೆಯಲ್ಲಿ ತೀರಿಕೊಂಡರು. ಮಧ್ಯಾಹ್ನ ರಟ್ಟು ತೂಗುತ್ತಿದ್ದವರು ರಟ್ಟಿನ ಕಟ್ಟಿನ ಮೇಲೆಯೇ ಕೂತರು, ಏಳಲಿಲ್ಲ. ಮಣ್ಣಿಗೆ ತೆಗೆದುಕೊಂಡು ಹೋಗುವ ತನಕ ಹೆಂಗಸರೆಲ್ಲ "ಅತ್ಬುಡವ್ವ, ಅತ್ಬುಡು" ಅಂದರು. ನಾದಿನಿ ನನ್ನ ತೋಳು ಚಿವುಟಿದಳು. ಚಿವುಟಿದ್ದು ಗೊತ್ತಾಯಿತು, ನೋವಾಗಲಿಲ್ಲ. ಹಲ್ಲು ಕೀಳುವ ಡಾಕ್ಟರು ಸೂಜಿ ಹಾಕಿದ ಮೇಲೆ ತುಟಿ ಇರುತ್ತದೆ, ಆದರೆ ನಮ್ಮದಲ್ಲ. ಹಾಗೆ. ತಿಥಿ ಆಯಿತು, ನಂಟರು ಹೋದರು. ಸೂಜಿಯ ಜೋಮು ಸಂಜೆಗೆ ಇಳಿಯುತ್ತದೆ, ನನಗೆ ಇಳಿಯಲಿಲ್ಲ. ಬಾಟಲಿ ವಿಂಗಡಿಸಿದೆ, ಉಂಡೆ, ಮಲಗಿದೆ. ನಿದ್ದೆಯೂ ಚೆನ್ನಾಗಿಯೇ ಬರುತ್ತಿತ್ತು.

ಮೊದಲು ಗಮನಿಸಿದವಳು ಸೊಸೆ. ಅವಳು ಬಾಗಲಕೋಟೆ ಕಡೆಯವಳು. ಗಾರ್ಮೆಂಟ್ಸಿಗೆ ಹೋಗುತ್ತ ನಮ್ಮೆದುರಿನ ಬಾಡಿಗೆ ರೂಮಿನಲ್ಲಿದ್ದಳು, ಮಗ ಇಷ್ಟಪಟ್ಟು ಮದುವೆಯಾದ. ಬಂದ ದಿನದಿಂದ ನಮ್ಮಿಬ್ಬರಿಗೂ ರೊಟ್ಟಿಗೂ ಮುದ್ದೆಗೂ ಜಗಳ. ನಾನು ಬೈಯುವುದು, ಅವಳು ತಿರುಗಿ ಅನ್ನುವುದು, ಮೊಮ್ಮಗಳು ಕೂತು ಕೇಳುವುದು, ಹಾಗೆ ಮನೆ ನಡೆಯುತ್ತಿತ್ತು. ಒಂದು ದಿನ ಸಾರು ಸೀದುಹೋಯಿತು. ನಾನು ಸುಮ್ಮನೆ ಕಲಸಿಕೊಂಡು ಉಂಡೆ. ಅವಳು ಸೌಟು ಹಿಡಿದುಕೊಂಡು ನನ್ನನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಒಳಗೆ ಗಂಡನಿಗೆ ಹೇಳುವುದು ಕೇಳಿಸಿತು.

"ಅತ್ತಿ ಬೈವಲ್ರು ನೋಡ್ರಿ. ಸಾರ ಹತ್ತಿದ್ರೂ ಬೈಲಿಲ್ಲ. ನನಗ ಅಂಜಿಕಿ ಆಗಾಕತ್ತೈತಿ."

"ಸದ್ಯ, ನೆಮ್ಮದಿ ಅಂತ ಇರು" ಅಂದ ಮಗ.

"ನಿಮಗೇನ್ ತಿಳಿತೈತಿ" ಅಂದಳು.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಶೋಕೇಸಿನ ಮುಂದೆ ನಿಂತೆ. ಎಲ್ಲಾ ಹೂದಾನಿಗಳೂ ಡಿಕಾಕ್ಷನ್ನಿನಲ್ಲಿ ಅದ್ದಿ ತೆಗೆದ ಹಾಗಿದ್ದವು. ನಾನು ಈ ಕಡೆ ಆ ಕಡೆ ಹೋದರೂ ಏನೂ ಕದಲಲಿಲ್ಲ. ಹೊಟ್ಟೆಯಲ್ಲಿಯೂ ಏನೂ ಏಳಲಿಲ್ಲ. "ಇವುಗಳ ಬಣ್ಣ ಓಯ್ತು" ಎಂದು ಬಾಯಿಬಿಟ್ಟು ಹೇಳಿದೆ. ಅಡಿಗೆಮನೆಯಲ್ಲಿದ್ದ ಸೊಸೆ ಕೇಳಿಸಿಕೊಂಡಳು.

ಮುಂದಿನದು ನನಗೆ ಆಮೇಲೆ ಗೊತ್ತಾದದ್ದು, ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಮಗನ ಕೆಲಸ ಪೀಣ್ಯದಲ್ಲಿ ಪ್ಲೇಟಿಂಗ್ ಮಾಡುವ ಕಡೆ. ಕಬ್ಬಿಣದ ಸಾಮಾನಿಗೆ ಹೊಳಪು ಕೊಡುವ ಮೊದಲು ತುಕ್ಕು ತೆಗೆಯಲು ಆಸಿಡ್ಡಿನಲ್ಲಿ ಮುಳುಗಿಸುತ್ತಾರೆ. ನಮ್ಮ ಬೀದಿಯಲ್ಲಿ ಅರ್ಧ ಮನೆಯವರದು ಅದೇ ಕೆಲಸ. ಅದಕ್ಕೆ ಆಯುಧಪೂಜೆಗೆ ನಮ್ಮಲ್ಲಿ ಯಾರೂ ಹುಣಸೆಹಣ್ಣು ನೆನೆಹಾಕುವುದಿಲ್ಲ. ಗಂಡಸರು ಆ ಆಸಿಡ್ಡನ್ನೇ ಜ್ಯೂಸಿನ ಬಾಟಲಿಯಲ್ಲಿ ತರುತ್ತಾರೆ, ಹೆಂಗಸರು ಬಕೆಟ್ ನೀರಿಗೆ ಒಂದಿಷ್ಟು ಹುಯ್ದು ದೀಪದ ಕಂಬ, ತಂಬಿಗೆ, ಗಂಟೆ ಎಲ್ಲ ಅದ್ದುತ್ತಾರೆ. ಕ್ಷಣದಲ್ಲಿ ಫಳಫಳ. ಪ್ಲೇಟಿಂಗ್ ನೀರು ಎಂದು ಅದಕ್ಕೆ ಹೆಸರು. ಆ ವರ್ಷ ಹಬ್ಬದ ಹಿಂದಿನ ದಿನ ಸೊಸೆ ದೀಪ ತೊಳೆದಳು. ಅತ್ತೆಯ ಗಾಜಿಗೂ ಹೊಳಪು ಬರಲಿ ಎಂದು ಆನೇಕಲ್ಲಿನ ಮೀನಿನ ಹೂದಾನಿಯನ್ನೂ ಅದರಲ್ಲಿ ಅದ್ದಿ, ನಾರು ಹಾಕಿ ಉಜ್ಜಿದಳು. ಬಣ್ಣ ನೀರಿಗೆ ಬಂದುಬಿಟ್ಟಿತು. ಹೆದರಿ ಅದನ್ನು ಒರೆಸಿ ಇದ್ದ ಜಾಗದಲ್ಲೇ ಇಟ್ಟಳು. ಪೂಜೆಯ ದಿನ ನಾನೇ ಶೋಕೇಸಿಗೆ ಕುಂಕುಮ ಇಟ್ಟೆ. ನನಗೆ ಏನೂ ವ್ಯತ್ಯಾಸ ಕಾಣಲಿಲ್ಲ.

ಕಣ್ಣಿನ ವಿಷಯ ಹೊರಬಂದದ್ದು ಬಾಟಲಿ ಲಾರಿಯವನಿಂದ. ಮೂಟೆ ಬಿಚ್ಚಿ ನೋಡಿದವನು, "ಅಜ್ಜಿ, ಏನಿದು, ಕಂದು ಮೂಟೇಲಿ ಅರ್ಧ ಹಸ್ರೇ ತುಂಬ್ಬಿಟ್ಟಿದ್ದೀರಲ್ಲ" ಅಂದ. ಅಂದವನು ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಂತ, ನಾನು ಬಾಯಿ ಮಾಡುತ್ತೇನೆ ಎಂದು. ನಾನು ಮಾಡಲಿಲ್ಲ. ಬಾಟಲಿ ತೆಗೆದು ನೋಡಿದೆ. ನನಗೆ ಕಂದಾಗಿಯೇ ಕಾಣಿಸಿತು.

ಕಣ್ಣಾಸ್ಪತ್ರೆಯಲ್ಲಿ ಟಾರ್ಚು ಬಿಟ್ಟು ನೋಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ, ಬಹಳ ದಿನದಿಂದ ನಿಧಾನವಾಗಿ ಬೆಳೆದಿದೆ ಅಂದರು. ಪೊರೆ ಬಂದರೆ ಎಲ್ಲವೂ ಟೀ ಬಣ್ಣ ಕಾಣುತ್ತದಂತೆ. ನನಗೆ ಆಗ ಒಂದು ಯೋಚನೆ ಬಂತು. ಹಾಗಾದರೆ ಹೂದಾನಿಗಳು ಇದ್ದ ಹಾಗೇ ಇವೆ. ಕೆಟ್ಟಿರುವುದು ಕಣ್ಣು. ಬಣ್ಣ ಕಾಣದೆ ಹೊಟ್ಟೆಯಲ್ಲಿ ಏಳಬೇಕಾದದ್ದು ಎದ್ದಿಲ್ಲ, ಅಷ್ಟೆ. ಪೊರೆ ತೆಗೆದರೆ ಬಣ್ಣ ಬರುತ್ತದೆ. ಬಣ್ಣ ಬಂದರೆ ಅದೂ ಏಳುತ್ತದೆ. ಅದು ಎದ್ದರೆ ಜೋಮು ಇಳಿಯುತ್ತದೆ, ಅಳು ಬರುವುದಿದ್ದರೆ ಅಳು ಬರುತ್ತದೆ. ಮಗ ಬಾಟಲಿ ವ್ಯಾಪಾರ ಕೆಡುತ್ತದೆ ಎಂದು ಆಪರೇಷನ್ ಮಾಡಿಸು ಅಂದ. ನಾನು ಒಪ್ಪಿದ್ದು ಬಾಟಲಿಗಲ್ಲ, ಈ ಯೋಚನೆಗೆ.

ಸೊಸೆ ಮಾತ್ರ ಅವಸರ ಯಾಕೆ ಅಂದಳು. "ಚಳಿ ಕಳೀಲಿ ಬಿಡ್ರಿ ಅತ್ತಿ, ಆಮ್ಯಾಲೆ ಮಾಡ್ಸೂಣು." ಅವಳು ಹಾಗೆ ಅನ್ನುವವಳಲ್ಲ. ನಾನು ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ.

ಮೊದಲು ಬಲಗಣ್ಣು ಮಾಡಿದರು. ಕೊಯ್ಯುವಾಗ ನೀರಿನ ಶಬ್ದದ ಹಾಗೆ ಏನೋ ಕೇಳಿಸುತ್ತಿತ್ತು, ಡಾಕ್ಟರಮ್ಮ ಪಕ್ಕದವರ ಜೊತೆ ಯಾರದೋ ನಾಮಕರಣದ ಊಟದ ಮಾತಾಡುತ್ತಿದ್ದಳು. ಮನೆಗೆ ಬಂದ ಮೇಲೆ ಕಪ್ಪು ಕನ್ನಡಕ. ಮನೆಯಲ್ಲಿ ಪರದೆ ಎಳೆದಿದ್ದರು. ಔಷಧಿಯ ತೊಟ್ಟು ಹಾಕುವುದು ಸೊಸೆಯ ಕೆಲಸ. ತೊಟ್ಟು ಕಣ್ಣು ತಪ್ಪಿ ಕೆನ್ನೆಯ ಮೇಲೆ ಬೀಳುತ್ತಿತ್ತು.

"ಎಲ್ಲಾ ಚಂದಂಗ ಕಾಣಸ್ತೈತೇನ್ರಿ ಅತ್ತಿ?"

"ಕನ್ನಡಕ ತೆಗೆದ್ ಮ್ಯಾಕೆ ಗೊತ್ತಾಯ್ತದೆ."

"ಹೌದ್ರಿ" ಅಂದಳು. ಎದ್ದು ಹೋಗಲಿಲ್ಲ.

ಡಾಕ್ಟರಮ್ಮ ಕನ್ನಡಕ ತೆಗೆಯಬಹುದು ಅಂದ ಮಾರನೆಯ ಬೆಳಿಗ್ಗೆ ನಾನೇ ಪರದೆ ಸರಿಸಿದೆ. ಮೊದಲು ಕಂಡದ್ದು ಗೋಡೆಯ ಕೊಳೆ. ಸ್ವಿಚ್ಚಿನ ಸುತ್ತ ಎಲ್ಲರ ಕೈಗುರುತು. ಇಷ್ಟು ದಿನ ಇದರೊಳಗೆ ಉಂಡೆವಾ ಅನ್ನಿಸಿತು. ನನ್ನ ಕೈ ನೋಡಿಕೊಂಡೆ, ಕಲೆ ಕಲೆಯಾಗಿತ್ತು. ಆಮೇಲೆ ಶೋಕೇಸಿನ ಹತ್ತಿರ ಹೋದೆ. ಆ ಹೊತ್ತಿಗೆ ಕಿಟಕಿಯ ಬಿಸಿಲು ನೇರ ಅದರ ಮೇಲೆ ಬೀಳುತ್ತದೆ.

ಬಣ್ಣ ಇತ್ತು. ಎಲ್ಲಾ ಇತ್ತು. ನೇರಳೆ, ಹಸಿರು, ಪಾರಿವಾಳದ ಕತ್ತಿನದು, ಹೊಸ ತಾಮ್ರದ್ದು. ನಾನು ಕದಲಿದೆ, ಅದೂ ಕದಲಿತು. ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡಿದರೆ ಬರೀ ಟೀ. ಎಡಗಣ್ಣು ಮುಚ್ಚಿದರೆ ಮತ್ತೆ ಬಣ್ಣ. ಡಾಕ್ಟರು ಸುಳ್ಳು ಹೇಳಿರಲಿಲ್ಲ.

ನಿಂತುಕೊಂಡೆ. ಹೊಟ್ಟೆಯ ಕಡೆ ಗಮನ ಇಟ್ಟುಕೊಂಡು ಕಾದೆ. ಕೆಳಗೆ ಯಾರೋ ತಗಡು ಇಳಿಸುತ್ತಿದ್ದರು. ಇನ್ನೂ ಸ್ವಲ್ಪ ಹೊತ್ತು ಕಾದೆ. ಮೊದಲನೇ ಹೂದಾನಿ ತೆಗೆದು ಕೈಯಲ್ಲಿ ಹಿಡಿದು, ನನ್ನ ಗಂಡ ತಿರುಗಿಸುತ್ತಿದ್ದ ಹಾಗೆ ಬಿಸಿಲಿಗೆ ತಿರುಗಿಸಿದೆ. ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಗೊತ್ತಾಯಿತು. ಅದಕ್ಕಿಂತ ಹೆಚ್ಚಿಗೆ ಏನೂ ಆಗಲಿಲ್ಲ.

ಅದನ್ನು ವಾಪಸು ಇಡುವಾಗ ಮೀನು ಕಣ್ಣಿಗೆ ಬಿತ್ತು. ಸೋಡಾ ಬಾಟಲಿಯ ಹಾಗೆ ಬೋಳಾಗಿತ್ತು. ಮೈಮೇಲೆ ನಾರಿನ ಗೀರು. ಏನಾಗಿದೆ ಎಂದು ನನಗೆ ನೋಡಿದ ಕೂಡಲೇ ತಿಳಿಯಿತು. ಪ್ಲೇಟಿಂಗ್ ನೀರಿನಲ್ಲಿ ಬಿದ್ದ ಗಾಜನ್ನು ಅಂಗಡಿಯಲ್ಲಿ ಎಷ್ಟೋ ನೋಡಿದ್ದೇನೆ. ಸರಿ, ಈಗಾದರೂ ಸಿಟ್ಟು ಬರುತ್ತದೆ ಅಂದುಕೊಂಡೆ. ಬಣ್ಣ ನೋಡಿ ಖುಷಿ ಬರದಿದ್ದರೆ ಬೇಡ, ಸಿಟ್ಟಾದರೂ ಸಾಕು, ಅದೂ ಒಳಗಿನದೇ. ಮೀನನ್ನು ಹಿಡಿದುಕೊಂಡು ಸಿಟ್ಟಿಗೆ ಕಾದೆ.

ಹಿಂದೆ ಉಸಿರಿನ ಶಬ್ದ ಕೇಳಿಸಿತು. ಸೊಸೆ ಅಡಿಗೆಮನೆಯ ಬಾಗಿಲಲ್ಲಿ, ಕೈ ತುಂಬ ಜೋಳದ ಹಿಟ್ಟು.

"ನಾನ ರಿ" ಅಂದಳು.

ನಾನು ಅವಳ ಕಡೆ ನೋಡಿದೆ.

"ನಾನ ತೊಳದೇನ್ರಿ. ನೀವ ಬಣ್ಣ ಹೋಗೇತಿ ಅಂದ್ರಿ, ಹೊಳಪ ಬರತೈತಿ ಅನಕೊಂಡೆ. ಹಬ್ಬದಾಗ ನೀವು ನೋಡಿ ಏನೂ ಅನ್ಲಿಲ್ಲ. ಆಪರೇಷನ್ ಆದ ಮ್ಯಾಲೆ ಕಾಣಸ್ತೈತಿ ಅಂತ ಗೊತ್ತಿತ್ರಿ." ಅವಳು ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡಳು. "ಮಾವ ತಂದಿದ್ದು. ಬೈರಿ ಅತ್ತಿ."

"ಓಗ್ಲಿ ಬಿಡು" ಅಂದೆ.

ಅದನ್ನು ಕೇಳಿ ಅವಳು ಇನ್ನೂ ಜೋರಾಗಿ ಅತ್ತಳು. "ಹಂಗ ಅನಬ್ಯಾಡ್ರಿ! ಬಡೀರಿ ಬೇಕಾದ್ರ. ನೀವು ಹಿಂಗ ಸುಮ್ನ ನಿಂತ್ರ ನನಗ ಜೀವಾ ಹೋದಂಗ ಆಕ್ಕೈತಿ. ಬೈರಿ, ಕೈ ಮುಗೀತೇನಿ, ಬೈರಿ."

ಮೂತಿ ಎಲ್ಲ ಹಿಟ್ಟು, ಮೂಗಲ್ಲಿ ನೀರು. ಒಲೆಯ ಮೇಲೆ ಹಂಚು ಕಾಯುತ್ತಿದ್ದ ವಾಸನೆ ಬರುತ್ತಿತ್ತು. ಇವಳು ಇವತ್ತು ರೊಟ್ಟಿ ಮಾಡುವ ಹಾಗೆ ಕಾಣಲಿಲ್ಲ. ನಾನು ಮೀನನ್ನು ಕೆಳಗಿಟ್ಟೆ, ಗಂಟಲು ಸರಿಮಾಡಿಕೊಂಡೆ, ಶುರು ಮಾಡಿದೆ.

"ಏನೇ ಮೂದೇವಿ! ಕಣ್ ಕಾಣ್ದ ಮುದುಕಿ ಅಂತ ನನ್ ಗಾಜ್ನೆಲ್ಲ ಆಸಿಡ್‌ಗೆ ಅದ್ದಕ್ಕೆ ಬಂದ್ಯಾ? ಅದೇನ್ ನಿಮ್ಮಪ್ಪ ಬಳುವಳಿ ಕೊಟ್ಟಿದ್ದ ತಂಬಿಗೆನಾ? ದೀಪ ಯಾವ್ದು ಗಾಜ್ ಯಾವ್ದು ಗೊತ್ತಾಗಲ್ವಾ ನಿಂಗೆ? ತಲೇಲಿ ಏನ್ ತುಂಬ್ಕೊಂಡಿದ್ದೀಯಾ? ನಿಮ್ಮೂರಲ್ಲಿ ರೊಟ್ಟಿ ಬಡಿಯೋದ್ ಬುಟ್ಟು ಬ್ಯಾರೆ ಏನಾದ್ರೂ ಕಲಿಸಿದ್ದಾರಾ? ಇಬ್ರೂ ಗಂಡ ಎಂಡ್ತಿ ಅದೇ ಆಸಿಡ್ಡಲ್ಲಿ ಒಂದ್ಸಲ ಮುಳುಗಿ ಏಳ್ರಿ, ಬುದ್ಧಿಗ್ ಹಿಡ್ದಿರೋ ತುಕ್ಕಾದ್ರೂ ಬಿಡ್ತದೆ!"

ಮೊದಲು ಅವಳು ತಲೆ ತಗ್ಗಿಸಿ ಕೇಳಿದಳು. "ತಪ್ಪಾತ್ರಿ, ತಪ್ಪಾತ್ರಿ" ಅಂದಳು. ರೊಟ್ಟಿಯ ಮಾತು ಬಂದ ಮೇಲೆ ತಲೆ ಎತ್ತಿದಳು. ಮೂಗು ಸೆರಗಿನಿಂದ ಒರೆಸಿ, "ರೊಟ್ಟಿ ಸುದ್ದಿ ಯಾಕ್ರಿ ಮತ್ತ? ರೊಟ್ಟಿ ಏನ್ ಮಾಡೇತಿ ನಿಮಗ?" ಅಂದಳು.

"ಅಲ್ಲು ಬಿದ್ದೋಗವೆ ಅದನ್ ಅಗ್ದು ಅಗ್ದು!"

"ಮುದ್ದಿ ನುಂಗೂ ಮಂದಿಗೆ ಹಲ್ಲ ಯಾಕ ಬೇಕ್ರಿ?"

ಮೊಮ್ಮಗಳು ಶಾಲೆಯ ಚೀಲ ಹೆಗಲಿಗೆ ಹಾಕಿಕೊಂಡು ಬಂದು ನಿಂತು ನಮ್ಮಿಬ್ಬರ ಬಾಯಿ ನೋಡುತ್ತಿದ್ದಳು. ಕೆಳಗೆ ತಗಡಿನ ಶಬ್ದ ನಿಂತಿತು. ಕೆಲಸಕ್ಕೆ ಹೊರಟಿದ್ದ ಮಗ ಯಾರಿಗೋ, "ನಮ್ಮವ್ವ ಸರಿಯಾದ್ಲು ಕಣೋ" ಅನ್ನುವುದು ಕೇಳಿಸಿತು. ಸೊಸೆ ಒಳಗೆ ಹೋಗಿ ಹಿಟ್ಟು ತಟ್ಟತೊಡಗಿದಳು. ತಟ್ಟುವ ಸದ್ದು ಚುರುಕಾಗಿತ್ತು. ನಡುನಡುವೆ ಮೂಗು ಎಳೆಯುತ್ತಿದ್ದಳು, ಏನೋ ಗುನುಗುತ್ತಲೂ ಇದ್ದಳು.

ನಾನು ಕುರ್ಚಿಯ ಮೇಲೆ ಕೂತೆ. ಮಾತೆಲ್ಲ ಸರಿಯಾಗಿಯೇ ಬಂದಿತ್ತು, ಮೊದಲಿನ ಹಾಗೇ. ಬಾಯಿಗೆ ಅಭ್ಯಾಸ ಇತ್ತು, ಅದೇ ಆಡಿತು. ಒಳಗಿನಿಂದ ಏನೂ ಬೇಕಾಗಲಿಲ್ಲ. ಗಂಟಲು ಒಣಗಿತ್ತು, ಒಂದು ಲೋಟ ನೀರು ಕುಡಿದೆ.

ಈಗ ದಿನಾ ಒಂದಿಷ್ಟು ಬೈಯುತ್ತೇನೆ. ಮರೆತರೆ ಅವಳೇ ಬಂದು ಪಾತ್ರೆ ಸದ್ದು ಮಾಡುತ್ತಾಳೆ. ಮನೆ ಚೆನ್ನಾಗಿ ನಡೆಯುತ್ತಿದೆ. ಎಡಗಣ್ಣಿಗೂ ಮಾಡಿಸಿಬಿಡು ಅವ್ವ, ಪೂರ್ತಿ ಬಣ್ಣ ಕಾಣುತ್ತದೆ ಎಂದು ಮಗ ಹೇಳುತ್ತಿರುತ್ತಾನೆ. ನಾನು ಬೇಡ ಎಂದಿದ್ದೇನೆ. ಬಾಟಲಿ ವಿಂಗಡಿಸುವುದಕ್ಕೆ ಒಂದು ಕಣ್ಣು ಸಾಕು.